ನೆತ್ತಿಗೇರಿದ್ದಲ್ಲ, ಶ್ವಾಸಕೋಶಕ್ಕೆ ಇಳಿದದ್ದು

ಪಾರ್ಕಿನ್ಸನ್ ಕಾಯಿಲೆ ಇರುವವರ ಮನೆಯವರಲ್ಲಿ ಒಂದು ವಿನಂತಿ

ಊಟದ ನಡುವೆ ಅಪ್ಪನಿಗೆ ಕೆಮ್ಮು ಬರುತ್ತದೆ. 'ನೆತ್ತಿಗೇರಿತು, ಯಾರೋ ನೆನೆಸಿಕೊಂಡಿರಬೇಕು' ಎಂದು ತಲೆ ತಟ್ಟಿ, ನೀರು ಕೊಟ್ಟು ನಮ್ಮ ತಟ್ಟೆಗೆ ಮರಳುತ್ತೇವೆ. ಪಾರ್ಕಿನ್ಸನ್ ಇರುವವರಿಗೆ ಇದು ಮತ್ತೆ ಮತ್ತೆ ಆಗುತ್ತಿದ್ದರೆ ಯಾರೂ ನೆನೆಸಿಕೊಳ್ಳುತ್ತಿಲ್ಲ. ಅನ್ನವೋ ನೀರೋ ದಾರಿ ತಪ್ಪಿ ಶ್ವಾಸನಾಳಕ್ಕೆ ಜಾರುತ್ತಿರಬಹುದು.

ಈ ಕಾಯಿಲೆಯವರ ಸಾವಿಗೆ ಮುಖ್ಯ ಕಾರಣಗಳಲ್ಲಿ ನ್ಯುಮೋನಿಯಾ ಮೊದಲ ಸಾಲಿನಲ್ಲಿದೆ. ಆದರೂ ನಮ್ಮ ಕಣ್ಣೆಲ್ಲ ನಡುಗುವ ಕೈಯ ಮೇಲೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದಾಗಲೇ ನುಂಗುವ ಕಷ್ಟವನ್ನೂ ಬಾಯಿಂದ ಸೋರುವ ಜೊಲ್ಲನ್ನೂ ಗುರುತಿಸಿದ್ದರು. 200 ವರ್ಷ ಕಳೆದರೂ ಎಷ್ಟೋ ತಪಾಸಣೆಗಳು 'ಕೈ ಹೇಗಿದೆ, ನಡಿಗೆ ಹೇಗಿದೆ' ಎಂಬಲ್ಲಿಗೇ ಮುಗಿಯುತ್ತವೆ. ಪ್ರತಿ ಭೇಟಿಯಲ್ಲೂ ಗಂಟಲಿನ ವಿಚಾರಣೆ ಆಗಲೇಬೇಕು ಎಂಬುದು ನಮ್ಮ ಒತ್ತಾಯ. ವೈದ್ಯರು ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ.

ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾದಾಗ ಕೈಕಾಲಿನಂತೆ ನಾಲಿಗೆ, ಗಂಟಲಿನ ಸ್ನಾಯುಗಳೂ ನಿಧಾನವಾಗುತ್ತವೆ. ನುಂಗುವಾಗ ಶ್ವಾಸನಾಳದ ಬಾಗಿಲು ಮುಚ್ಚುವುದು ತಡವಾಗುತ್ತದೆ. ಒಳಗೆ ಹೋದದ್ದನ್ನು ಹೊರದಬ್ಬುವ ಕೆಮ್ಮಿಗೂ ಶಕ್ತಿ ಸಾಲದು; ಕೆಲವರಿಗೆ ಕೆಮ್ಮೇ ಬರುವುದಿಲ್ಲ. ಆದ್ದರಿಂದ ಕೆಮ್ಮು ನಿಂತಿತೆಂದು ಸಮಾಧಾನಪಡಬೇಡಿ. ಊಟದ ನಂತರ ದನಿ ಗೊರಗೊರ ಎನ್ನುತ್ತದೆಯೇ? ಊಟಕ್ಕೆ ಮೊದಲಿನ ಎರಡರಷ್ಟು ಹೊತ್ತು ಬೇಕೇ? ಮೈತೂಕ ಇಳಿದಿದೆಯೇ? ಮಾತ್ರೆ ಗಂಟಲಲ್ಲೇ ನಿಲ್ಲುತ್ತದೆಯೇ? ಒಂದಕ್ಕೆ ಹೌದು ಎಂದರೂ ನುಂಗುವಿಕೆಯ ಪರೀಕ್ಷೆ ಮಾಡಿಸಿ. ಇದನ್ನು ಮಾಡುವವರು ವಾಕ್ ಚಿಕಿತ್ಸಕರು, ಅಂದರೆ ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವುದಷ್ಟೇ ಅವರ ಕೆಲಸ ಎಂಬ ತಪ್ಪು ತಿಳಿವಳಿಕೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈ ವಿದ್ಯೆ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗಬೇಕೆಂದು ಕೇಳುವುದು ನಮ್ಮ ಹಕ್ಕು.

ಇನ್ನು ಲೋಟದ ವಿಷಯ. ತುಟಿಗೆ ತಾಗಿಸದೆ, ಕತ್ತು ಹಿಂದಕ್ಕೆ ಬಾಗಿಸಿ, ನೀರು ಎತ್ತಿ ಕುಡಿಯುವುದು ನಮ್ಮ ಮನೆಗಳ ಶಿಷ್ಟಾಚಾರ. ಈ ಕಾಯಿಲೆಯವರಿಗೆ ಅದೇ ಮುಳುವು: ಕತ್ತು ಹಿಂದೆ ವಾಲಿದರೆ ಶ್ವಾಸನಾಳದ ದಾರಿ ಸಲೀಸಾಗುತ್ತದೆ. ಮಡಿ ಮೈಲಿಗೆ ಆಮೇಲೆ. ಅವರಿಗೊಂದು ಬೇರೆ ಲೋಟ ಇಡಿ. ನೆಟ್ಟಗೆ ಕೂತು, ಕಚ್ಚಿ, ಒಂದೊಂದೇ ಗುಟುಕು ಕುಡಿಯಲಿ. ಮಲಗಿದ್ದಲ್ಲೇ ಬಾಯಿಗೆ ಹಾಲು ಹುಯ್ಯುವುದಂತೂ ಬೇಡವೇ ಬೇಡ. ಊಟವಾದ ಮೇಲೂ ಅರ್ಧ ಗಂಟೆ ಕೂತಿರಲಿ.

ಮುದ್ದೆಯನ್ನು ಅಗಿಯದೆ ನುಂಗುವವರ ನಾಡು ನಮ್ಮದು. ಜೀವಮಾನವಿಡೀ ಮುದ್ದೆ ಉಂಡವರಿಗೆ ಅದನ್ನು ಬಿಡಿ ಎನ್ನುವುದು ನಮಗೂ ಸಂಕಟವೇ. ಆದರೆ ದೊಡ್ಡ ತುತ್ತು, ಒಣ ಅವಲಕ್ಕಿ, ಮಂಡಕ್ಕಿ, ಕಡ್ಲೆಬೀಜ, ನೀರುಸಾರಿನಲ್ಲಿ ತೇಲುವ ಅಗುಳು ಇವೆಲ್ಲ ಅಪಾಯದ ಪಟ್ಟಿಯಲ್ಲಿವೆ. ಮೆತ್ತಗೆ ಕಲಸಿದ ಅನ್ನ, ಗಟ್ಟಿ ಮೊಸರು ಸಾಮಾನ್ಯವಾಗಿ ಸುಲಭ. ಪಾನೀಯ ಎಷ್ಟು ಮಂದವಾಗಿರಬೇಕು ಎಂಬುದನ್ನು ಮಾತ್ರ ಚಿಕಿತ್ಸಕರೇ ಹೇಳಲಿ. ಮಂದ ಹೆಚ್ಚಾದರೆ ರೋಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಟಿ.ವಿ. ಆರಿಸಿ. ಉಣ್ಣುವಾಗ ಮಾತಾಡಬಾರದು ಎಂದ ಅಜ್ಜಿ ಸರಿಯಾಗಿಯೇ ಹೇಳಿದ್ದರು.

ಬೆಳಿಗ್ಗೆ, ರಾತ್ರಿ ಹಲ್ಲು, ನಾಲಿಗೆ, ಕಟ್ಟಿಸಿದ ಹಲ್ಲುಸೆಟ್ಟು ಚೆನ್ನಾಗಿ ತಿಕ್ಕಿರಲಿ. ಜೊಲ್ಲು ಒಳಗೆ ಜಾರಿದಾಗ ಬಾಯಿಯ ಕೊಳೆ, ಬ್ಯಾಕ್ಟೀರಿಯಾ ಸಮೇತ ಜಾರುತ್ತದೆ. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ.

ವಯಸ್ಸಾದವರಿಗೆ ನ್ಯುಮೋನಿಯಾ ಬಂದಾಗ ಜ್ವರ ಏರಲೇಬೇಕೆಂದಿಲ್ಲ. ದಿಢೀರ್ ಮಂಕು, ಸಂಬಂಧವಿಲ್ಲದ ಮಾತು, ಊಟ ಬೇಡ ಎನ್ನುವುದು, ಇಷ್ಟೇ ಇರಬಹುದು. ಉಸಿರು ಎಣಿಸಿ: ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20. ಸುಮ್ಮನೆ ಕೂತಾಗಲೂ 25 ದಾಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಹೊರಡುವ ಮುನ್ನ ಒಂದು ಚೀಟಿ ಅವರ ಜೇಬಿನಲ್ಲಿರಲಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಮಾತ್ರೆ ಎಷ್ಟು ಗಂಟೆಗೆ, ಎಷ್ಟು ಎಂದು ಅದರಲ್ಲಿ ಬರೆದಿಡಿ. ವಾರ್ಡಿನಲ್ಲಿ ಆ ಹೊತ್ತು ತಪ್ಪಿದರೆ ಗಂಟಲು ಇನ್ನಷ್ಟು ಬಿಗಿಯುತ್ತದೆ. ವಾಂತಿಗೆ ಮೆಟೊಕ್ಲೋಪ್ರಮೈಡ್ ಬೇಡ, ಅದು ಡೋಪಮಿನ್ನಿಗೆ ಅಡ್ಡ ಬರುತ್ತದೆ ಎಂದೂ ಅದೇ ಚೀಟಿಯಲ್ಲಿ, ದೊಡ್ಡಕ್ಷರದಲ್ಲಿ ಬರೆಯಿರಿ.