ಎಮ್ಮೆಗೆ ಬರೆ, ಗ್ಯಾಸ್ ಬಾವಿಗೆ ಮಾಫಿ

ಮೀಥೇನ್ ಎಂದೊಡನೆ ನಮಗೆ ತೋರಿಸುವ ಚಿತ್ರ ಯಾವುದು? ಮೆಲುಕು ಹಾಕುವ ಎಮ್ಮೆ, ನೀರು ನಿಂತ ಭತ್ತದ ಗದ್ದೆ. ಭೂಮಿಗೆ ಜ್ವರ ಬಂದದ್ದೇ ಇವುಗಳಿಂದ ಎಂಬಂತೆ ಮಾತನಾಡುವವರಿದ್ದಾರೆ. ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿಯೇ ಇಂಥವರಿಗೆ ಉತ್ತರ ಕೊಟ್ಟಿದ್ದರು. ಬಡವನ ಹೊಟ್ಟೆಪಾಡನ್ನೂ ಶ್ರೀಮಂತನ ಐಷಾರಾಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಕೃಷಿಯ ಪಾಲು ಸಣ್ಣದೆಂದು ನಾವು ವಾದಿಸುತ್ತಿಲ್ಲ. ಮನುಷ್ಯರಿಂದಾಗಿ ಹೊರಬೀಳುವ ಮೀಥೇನಿನಲ್ಲಿ ಸುಮಾರು ಶೇ. 40 ಕೃಷಿ ಮತ್ತು ಜಾನುವಾರುಗಳದ್ದು, ಶೇ. 35 ಕಲ್ಲಿದ್ದಲು, ತೈಲ, ಅನಿಲ ಉದ್ಯಮದ್ದು, ಶೇ. 20 ಕಸದ್ದು. ಆದರೆ ಎಮ್ಮೆಯ ಮೆಲುಕನ್ನು ನಿಲ್ಲಿಸಲಾಗದು. ಪೈಪಿನ ಸೋರಿಕೆಯನ್ನು ನಿಲ್ಲಿಸಬಹುದು. ಈ ಉದ್ಯಮದ ಮೀಥೇನಿನಲ್ಲಿ ಸುಮಾರು ಶೇ. 70ನ್ನು ಈಗಿರುವ ತಂತ್ರಜ್ಞಾನದಿಂದಲೇ ತಡೆಯಬಹುದೆಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ಹಾಗಾದರೆ ಮೊದಲು ಯಾರ ಬಾಗಿಲು ತಟ್ಟಬೇಕು?

2023ರ ಜೂನ್ 9ರಂದು ಕಝಾಕಿಸ್ತಾನದಲ್ಲಿ ಕೊರೆಯುತ್ತಿದ್ದ ಬಾವಿಯೊಂದು ಸಿಡಿದು ಹೊತ್ತಿಕೊಂಡಿತು. ಅದನ್ನು ಮುಚ್ಚುವಾಗ ಡಿಸೆಂಬರ್ ಕೊನೆಯಾಗಿತ್ತು. ಅಷ್ಟರಲ್ಲಿ ಸುಮಾರು 1,27,000 ಟನ್ ಮೀಥೇನ್ ಗಾಳಿಗೆ ಸೇರಿತ್ತೆಂದು ವಿಜ್ಞಾನಿಗಳು ಅಂದಾಜಿಸಿದರು. ಕಂಪೆನಿ ಏನೆಂದಿತು? ಅಷ್ಟೊಂದು ಅನಿಲ ಸೋರಿಯೇ ಇಲ್ಲ ಎಂದಿತು.

ಮೀಥೇನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಿ ಇಂಥ ಸುಳ್ಳು ಹಿಂದೆ ದಕ್ಕುತ್ತಿತ್ತು. ಆದರೆ ನೆಲದಿಂದ ಹಿಂದಿರುಗುವ ಸೂರ್ಯನ ಬೆಳಕಿನಲ್ಲಿ, ಕಣ್ಣಿಗೆ ಕಾಣದ ಕೆಲವು ಕಿರಣಗಳನ್ನು ಮೀಥೇನ್ ಹೀರಿಕೊಳ್ಳುತ್ತದೆ. ಎಷ್ಟು ಕಿರಣ ಕಡಿಮೆಯಾಯಿತೆಂದು ಅಳೆದು ಉಪಗ್ರಹಗಳು ಸೋರಿಕೆಯನ್ನು ಪತ್ತೆ ಹಚ್ಚುತ್ತವೆ. 2017ರಲ್ಲಿ ಯುರೋಪ್ ಹಾರಿಸಿದ ಸೆಂಟಿನೆಲ್-5ಪಿ ಈ ಕೆಲಸ ಮಾಡುತ್ತದೆ. ಈಗ ಸಾಕ್ಷಿ ಆಕಾಶದಲ್ಲಿದೆ. ಕೊರತೆಯಿರುವುದು ಸಾಕ್ಷಿಯದ್ದಲ್ಲ, ನ್ಯಾಯದ್ದು.

ಉಪಗ್ರಹಗಳು ಕಂಡ ಸೋರಿಕೆಗಳ ಬಗ್ಗೆ ವಿಶ್ವಸಂಸ್ಥೆಯ ಪರಿಸರ ವಿಭಾಗ ಸರಕಾರಗಳಿಗೂ ಕಂಪೆನಿಗಳಿಗೂ ಎಚ್ಚರಿಕೆ ಕಳಿಸುತ್ತದೆ. ಅದರ 2024ರ ವರದಿಯಂತೆ, ಎರಡು ವರ್ಷಗಳಲ್ಲಿ ಹೋದ ಎಚ್ಚರಿಕೆಗಳು 1,200ಕ್ಕೂ ಹೆಚ್ಚು. ಉತ್ತರ ಬಂದದ್ದು ಕೇವಲ ಶೇ. 1ಕ್ಕೆ! 2025ರ ವರದಿಯಲ್ಲಿ ಇದು ಶೇ. 12ಕ್ಕೇರಿತು. ಸಂತೋಷಪಡಬೇಕೇ? ನೂರು ಪತ್ರಗಳಲ್ಲಿ 88ನ್ನು ಈಗಲೂ ಕಸದ ಬುಟ್ಟಿಗೆ ಹಾಕಲಾಗುತ್ತಿದೆ.

ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಒಂದು ಟನ್ ಮೀಥೇನ್, ಒಂದು ಟನ್ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಆದರೆ ಅದರ ಆಯುಸ್ಸು ಹನ್ನೆರಡು ವರ್ಷಗಳ ಆಸುಪಾಸು. ಇಂದು ಸೋರಿಕೆ ನಿಲ್ಲಿಸಿದರೆ ಫಲವನ್ನು ನಮ್ಮ ಮಕ್ಕಳು ತಮ್ಮ ಯೌವನದಲ್ಲೇ ಕಾಣುತ್ತಾರೆ.

ನಮ್ಮ ಸರಕಾರವನ್ನೂ ನಾವು ಕೇಳಬೇಕಿದೆ. 2021ರ ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಭಾರತ ಸೇರಲಿಲ್ಲ. ಸಣ್ಣ ರೈತರ ಬದುಕು ಮುಖ್ಯ ಎಂಬ ಕಾರಣ ಒಪ್ಪುವಂಥದ್ದೇ. ಆದರೆ ದೆಹಲಿ, ಮುಂಬಯಿಗಳ ಕಸದ ರಾಶಿಗಳಿಂದ ಮೀಥೇನ್ ಏಳುವುದನ್ನು 2022ರಲ್ಲಿ ಉಪಗ್ರಹಗಳು ತೋರಿಸಿದವು. ಆ ಬೆಟ್ಟ ಬೆಳೆಸಿದವನು ರೈತನೇ? 2024ರ ಏಪ್ರಿಲಿನಲ್ಲಿ ಘಾಜಿಪುರದ ಕಸದ ಬೆಟ್ಟಕ್ಕೆ ಬೆಂಕಿ ಬಿದ್ದಾಗ ಹೊಗೆ ಕುಡಿದವರು ಅದರ ಬುಡದಲ್ಲಿ ಬದುಕುವ ಬಡವರು. ರೈತನ ಹೆಸರಿನ ಕೊಡೆಯಡಿ ನಗರಪಾಲಿಕೆಗಳೂ ಗಣಿಗಳೂ ನಿಲ್ಲಬಾರದು.

ಸೋರಿಕೆಯನ್ನು ಹುಡುಕಲೇಬೇಕು, ಗೊತ್ತಾದ ಮೇಲೆ ಗಡುವಿನೊಳಗೆ ಮುಚ್ಚಲೇಬೇಕು ಎಂಬ ಕಾನೂನನ್ನು ಯುರೋಪ್ ಒಕ್ಕೂಟ 2024ರಲ್ಲಿ ತಂದಿತು. ನಮ್ಮಲ್ಲೂ ಅಂಥದ್ದು ಬೇಕು. ಸೋರಿದ ಜಾಗವೂ ಹೊಣೆಗಾರರ ಹೆಸರೂ ಜನರಿಗೆ ತಿಳಿಯಬೇಕು, ಮುಚ್ಚದವರಿಗೆ ದಂಡ ಬೀಳಬೇಕು. ಅಲ್ಲಿಯವರೆಗೆ ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ ಎಳೆಯಲು ಬರುವವರನ್ನು ನಾವು ಹಟ್ಟಿಯ ಬಾಗಿಲಲ್ಲೇ ತಡೆಯಬೇಕು.