ನೀರು ಆರುವಾಗ ನಡೆಯುವ ಕೆಲಸ

ನ್ಯಾನೋ ಕಣವೆಂಬ ಮಾತು ಈಗ ಮಕ್ಕಳ ಪಾಠಪುಸ್ತಕದಲ್ಲಿಯೂ ಬಂದಿರುವುದರಿಂದ ವಾಚಕರಿಗೆ ಅದು ಹೊಸದಲ್ಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರೆಂದು ಹೆಸರು. ಒಂದರಿಂದ ನೂರು ನ್ಯಾನೋಮೀಟರಿನೊಳಗಿನ ಚೂರುಗಳೇ ಈ ಕಣಗಳು. ಇವುಗಳನ್ನು ತಯಾರಿಸುವ ವಿದ್ಯೆ ಹಳೆಯದು. ಬಂಗಾರದ ಕಣಗಳಿಂದ ಕೆಂಪಾದ ದ್ರವವನ್ನು ಮೈಕೇಲ್ ಫ್ಯಾರಡೆಯವರು 1857ರಲ್ಲಿಯೇ ವಿವರಿಸಿದ್ದರು. ಕಷ್ಟವಿರುವುದು ಕಣವನ್ನು ಬೇಕಾದ ಸ್ಥಳದಲ್ಲಿ ನೆಲೆಗೊಳಿಸುವುದರಲ್ಲಿ. ಕೋಟಿಗಟ್ಟಲೆ ಕಣಗಳನ್ನು ಒಂದೊಂದಾಗಿ ಎತ್ತಿಡುವುದು ಆಗದ ಮಾತು. ಆದುದರಿಂದ ಶಾಸ್ತ್ರಜ್ಞರು ಕಣದ ಗೊಡವೆಯನ್ನು ಬಿಟ್ಟು, ಅದು ಬಂದು ನಿಲ್ಲತಕ್ಕ ನೆಲವನ್ನು ಸಿದ್ಧಪಡಿಸುವ ಉಪಾಯವನ್ನು ಹಿಡಿದರು.

ಈ ಉಪಾಯವನ್ನು ನಮ್ಮ ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅಂಗಳದಲ್ಲಿ ಮೊದಲು ಚುಕ್ಕಿಗಳನ್ನಿಟ್ಟರೆ ರಂಗೋಲಿಯ ಗೆರೆ ಅವುಗಳ ಜಾಡು ಹಿಡಿದು ನಡೆಯುವುದು. ಪ್ರಯೋಗಶಾಲೆಯಲ್ಲಿ ಚುಕ್ಕಿಗೆ ಬದಲಾಗಿ ಅತಿ ಸಣ್ಣ ಕುಳಿಗಳಿರುವುವು. ಕಣಗಳನ್ನು ಬೆರೆಸಿದ ನೀರನ್ನು ಅವುಗಳ ಮೇಲೆ ಮೆಲ್ಲನೆ ಎಳೆದುಕೊಂಡು ಹೋದಂತೆ ನೀರಿನ ಅಂಚು ಆರುತ್ತ ಬರುವುದು. ಕಣಗಳು ಅಂಚಿಗೆ ಬಂದು ನೆರೆಯುವುವು. ಅಂಚು ಕುಳಿಯನ್ನು ದಾಟುವಾಗ ನೀರಿನ ಸೆಳೆತವೇ ಕಣವನ್ನು ಒಳಕ್ಕೆ ತಳ್ಳುವುದು. ಒಂದೇ ಕಣ ಹಿಡಿಯುವ ಕುಳಿಯಲ್ಲಿ ಒಂದು, ಉದ್ದನೆಯ ಕುಳಿಯಲ್ಲಿ ಒಂದು ಸಾಲು. ಆತುರಪಟ್ಟು ಎಳೆದರೆ ಕುಳಿಗಳು ಬರಿದಾಗಿ ಉಳಿಯುವುವು.

ಕಣಗಳು ಅಂಚಿಗೇ ಯಾತಕ್ಕೆ ಬರಬೇಕು? ಸ್ಟೀಲಿನ ತಟ್ಟೆಯ ಮೇಲೆ ಕಾಫಿಯ ಹನಿ ಒಣಗಿದರೆ ಕಲೆಯು ನಡುವೆ ತೆಳುವಾಗಿ, ಸುತ್ತಲೂ ಬಳೆಯಂತೆ ಗಾಢವಾಗಿರುವುದು. (ನಮ್ಮ ಕಲಬುರಗಿಯ ಕಡೆ ಚಹಾದ ರೂಢಿ ಹೆಚ್ಚು, ಈ ಪರೀಕ್ಷೆಗಾದರೂ ಒಂದು ದಿನ ಕಾಫಿ ಮಾಡಬಹುದು.) ಹನಿಯ ಅಂಚು ತಟ್ಟೆಯನ್ನು ಕಚ್ಚಿ ನಿಲ್ಲುವುದು; ಅಲ್ಲಿ ನೀರು ಬೇಗನೆ ಆರುವುದರಿಂದ, ಆ ನಷ್ಟವನ್ನು ತುಂಬಲು ನಡುವಿನ ನೀರು ಹೊರಕ್ಕೆ ಹರಿದು ಪುಡಿಯನ್ನೂ ಕೊಂಡೊಯ್ಯುವುದು. ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮೊದಲಾದವರು 1997ರಲ್ಲಿ ಈ ಕಾರಣವನ್ನು ತೋರಿಸಿಕೊಟ್ಟರು. ಅಲ್ಲಿಯವರೆಗೆ ಜನರು ಕಲೆಯನ್ನು ಒರಸಿ ಸುಮ್ಮನಾಗುತ್ತಿದ್ದರು.

ಮೇಲ್ಮೈ ಬದಲಾದರೆ ಹನಿಯ ನಡತೆಯೂ ಬದಲಾಗುವುದು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಬಾಳೆ ಎಲೆಗೆ ಬರವಿಲ್ಲ. ಅದರ ಮೇಲೊಂದು ಹನಿ ನೀರಿಟ್ಟು ನೋಡಬೇಕು. ಎಲೆಯ ಮೇಣದ ಪೊರೆ ನೀರನ್ನು ಒಲ್ಲದು. ಹನಿ ಉಂಡೆಯಾಗಿ ನಿಂತು, ಎಲೆಯನ್ನು ಓರೆ ಮಾಡಿದರೆ ಜಾರಿಹೋಗುವುದು. ನೀರನ್ನು ಹಿಡಿಯುವ ಪಟ್ಟೆ, ಒಲ್ಲದ ಪಟ್ಟೆ ಎರಡನ್ನೂ ಒಂದೇ ಗಾಜಿನ ಮೇಲೆ ಪಕ್ಕಪಕ್ಕದಲ್ಲಿ ಬರೆದರೆ ದ್ರವವು ಮೊದಲನೆಯದರಲ್ಲಿಯೇ ನಿಲ್ಲುವುದು; ನೀರು ಆರಿದ ಮೇಲೆ ಕಣಗಳೂ ಅಲ್ಲಿಯೇ ಉಳಿಯುವುವು.

ಆದರೆ ಅಷ್ಟು ಸಣ್ಣ ಗೆರೆ ಬರೆಯುವವರು ಯಾರು? ಅದಕ್ಕೆ ಎಲೆಕ್ಟ್ರಾನು ಕಿರಣದ ಯಂತ್ರ ಬೇಕು, ಧೂಳಿಲ್ಲದ ಕೊಠಡಿ ಬೇಕು. ಸಾಮಾನ್ಯ ಕಾಲೇಜಿಗೆ ಇವು ಎಟುಕುವುದಿಲ್ಲ. ಇಲ್ಲಿ ನಮ್ಮ ಎರೆಯ ಹೊಲಗಳನ್ನು ನೆನೆಯಬೇಕು. ತೊಗರಿ ಕೊಯ್ದ ಮೇಲೆ ಬೇಸಗೆಯಲ್ಲಿ ಕಲಬುರಗಿಯ ಎರೆ ಮಣ್ಣು ಆರಿ ಕುಗ್ಗುವುದು. ಕೆಳಗಿನ ಪದರವು ಕುಗ್ಗಗೊಡದೆ ಹಿಡಿದಿರುವುದರಿಂದ ಮೇಲಿನದು ಬಿರಿಯುವುದು. ಬಿರುಕುಗಳು ಒಂದನ್ನೊಂದು ಕೂಡಿ ಬಲೆಯಾಗುವುವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ. ಯು. ಕುಲಕರ್ಣಿಯವರೂ ಅವರ ಸಂಗಡಿಗರೂ 2014ರ ಸುಮಾರಿಗೆ ಇಂತಹ ಬಿರುಕನ್ನೇ ಕೆಲಸಕ್ಕೆ ಹಚ್ಚಿದರು. ಸೂಕ್ಷ್ಮ ಕಣಗಳ ದ್ರವವೊಂದನ್ನು ಗಾಜಿನ ಮೇಲೆ ಸವರಿದರು. ಅದು ಒಣಗಿ ತಾನಾಗಿಯೇ ಬಿರಿಯಿತು. ಅದರ ಮೇಲೆ ಲೋಹದ ಆವಿಯನ್ನು ಹಿಡಿಸಿ, ಬಳಿಕ ಪೊರೆಯನ್ನು ತೊಳೆದು ತೆಗೆದಾಗ, ಬಿರುಕಿದ್ದ ಕಡೆ ಮಾತ್ರ ಲೋಹ ಉಳಿದು ಬರಿಗಣ್ಣಿಗೆ ಸುಲಭವಾಗಿ ಕಾಣದಂತಹ ತಂತಿಯ ಜಾಲವಾಯಿತು. ಆ ಗಾಜಿನೊಳಗಿಂದ ಬೆಳಕೂ ಹಾಯುವುದು, ಅದರ ಮೇಲೆ ವಿದ್ಯುತ್ತೂ ಹರಿಯುವುದು.

ಮೊಬೈಲಿನ ಪರದೆಗಳಲ್ಲಿ ಈ ಎರಡೂ ಗುಣಗಳಿಗಾಗಿ ಇಂಡಿಯಂ ಎಂಬ ವಿರಳವಾದ ಲೋಹ ಬೆರೆತ ಪೊರೆಯನ್ನು ಬಳಸುವರು. ಅದು ದುಬಾರಿ, ಬಾಗಿಸಿದರೆ ಸೀಳುವುದು. ಬಿರುಕಿನ ದಾರಿ ಅಗ್ಗದ್ದೆಂಬುದೇ ನಮಗೆ ಮುಖ್ಯವಾಗಿ ತೋರುತ್ತದೆ. ದೊಡ್ಡ ಯಂತ್ರ ಬರಲಿ ಎಂದು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ವರ್ಷಗಟ್ಟಲೆ ಕಾದು ಕುಳಿತಿರುವುದು ನಮಗೆ ಒಪ್ಪಿಗೆಯಿಲ್ಲ. ಲೋಹದ ಆವಿ ಹಿಡಿಸಲು ನಿರ್ವಾತದ ಯಂತ್ರ ಬೇಕೆಂಬುದು ನಿಜ. ಆದರೆ ಬಲೆಯ ಅಭ್ಯಾಸಕ್ಕೆ ಒಂದು ಗಾಜಿನ ತುಂಡು, ಜರಡಿ ಹಿಡಿದ ಎರೆ ಮಣ್ಣಿನ ತೆಳ್ಳನೆಯ ರಾಡಿ, ಒಂದು ಭೂತಗನ್ನಡಿ ಸಾಕು. ರಾಡಿಯನ್ನು ತೆಳುವಾಗಿ ಸವರಿದಲ್ಲಿ ಬಲೆಯ ಕಣ್ಣು ಸಣ್ಣದು, ದಪ್ಪವಾಗಿ ಸವರಿದಲ್ಲಿ ದೊಡ್ಡದು. ತೀರ ತೆಳುವಾದರೆ ಬಿರುಕೇ ಬೀಳದು.