ಕೋತಿಗೆ ಸಿಗುವ ಚಿಕ್ಕಮ್ಮ ಬಾಣಂತಿಗೆ ಬೇಡವೇ?

ಹುಬ್ಬತಲೈ: ಕೂನೂರಿನಿಂದ ನಮ್ಮ ಊರಿನ ಕಡೆ ಬರುವ ರಸ್ತೆಯಲ್ಲಿ ಬೆಳಗಿನ ಹೊತ್ತು ಕೋತಿಗಳ ಹಿಂಡು ತಡೆಗೋಡೆ ಮೇಲೆ ಕೂತಿರುತ್ತದೆ. ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂದಲಿರುವ, ದಕ್ಷಿಣ ಭಾರತದ್ದೇ ಆದ ಕೋತಿ. ಇಂಗ್ಲಿಷಿನವರು ಬಾನೆಟ್ ಮಕಾಕ್ ಅಂತಾರೆ. ಈಗ ತಾಯಿಯ ಹೊಟ್ಟೆಗೆ ಅಂಟಿಕೊಂಡಿದ್ದ ಮರಿ ಸ್ವಲ್ಪ ಹೊತ್ತಿಗೆ ಪಕ್ಕದ ಹೆಣ್ಣು ಕೋತಿಯ ಮಡಿಲಲ್ಲಿರುತ್ತದೆ. ತಾಯಿ ಆರಾಮಾಗಿ ಬಿಸಿಲು ಕಾಯಿಸುತ್ತಿರುತ್ತದೆ. ತಿಂಡಿ ಚೀಲ ಕಿತ್ತುಕೊಂಡು ಓಡುತ್ತವೆ ಎಂದು ನಾವು ಬೈಯುವ ಇದೇ ಕೋತಿಗಳಿಂದ ಬಾಣಂತಿಯರ ಮನಸ್ಸಿನ ಬಗ್ಗೆ ವಿಜ್ಞಾನಿಗಳು ಎಷ್ಟೋ ಕಲಿತಿದ್ದಾರೆ. ನಾವು ಎಷ್ಟು ಕಲಿತೆವು ಅನ್ನುವುದೇ ಪ್ರಶ್ನೆ.

1960ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕೌಫ್‌ಮನ್ ಮತ್ತು ಲಿಯೊನಾರ್ಡ್ ರೋಸೆನ್‌ಬ್ಲಮ್ ಎಂಬ ಸಂಶೋಧಕರು ಎರಡು ಜಾತಿಯ ಕೋತಿಗಳನ್ನು ಸಾಕಿ ನೋಡಿದರು. ಒಂದು ನಮ್ಮ ಟೋಪಿ ಕೋತಿ, ಇನ್ನೊಂದು ಹಂದಿಬಾಲದ ಕೋತಿ. ಗುಂಪಿನಿಂದ ತಾಯಿಯನ್ನು ಕೆಲವು ವಾರ ಬೇರೆ ಮಾಡಿದಾಗ ಹಂದಿಬಾಲದ ಕೋತಿಯ ಮರಿ ಮೊದಲು ಚೀರಾಡಿತು, ಆಮೇಲೆ ಮುದುಡಿಕೊಂಡು ಮೂಲೆ ಸೇರಿತು. ಟೋಪಿ ಕೋತಿಯ ಮರಿಯನ್ನು ಮಾತ್ರ ಗುಂಪಿನ ಬೇರೆ ಹೆಣ್ಣುಗಳು ಎತ್ತಿಕೊಂಡವು. ಅದು ಅಷ್ಟು ಕುಗ್ಗಲಿಲ್ಲ. ಒಂದರಲ್ಲಿ ಚಿಕ್ಕಮ್ಮ ದೊಡ್ಡಮ್ಮಂದಿರು ಇದ್ದರು, ಇನ್ನೊಂದರಲ್ಲಿ ಇರಲಿಲ್ಲ. ವ್ಯತ್ಯಾಸ ಇಷ್ಟೇ.

1984ರಲ್ಲಿ ರೋಸೆನ್‌ಬ್ಲಮ್ ಮತ್ತು ಪಾಲಿ ಇನ್ನೊಂದು ಪ್ರಯೋಗದ ವರದಿ ಕೊಟ್ಟರು. ಮರಿ ಇರುವ ತಾಯಿ ಕೋತಿಗಳನ್ನು ಮೂರು ಪಂಗಡ ಮಾಡಿದರು. ಒಂದಕ್ಕೆ ಆಹಾರ ಸುಲಭವಾಗಿ ಸಿಗುತ್ತಿತ್ತು. ಎರಡನೆಯದು ದಿನವೂ ಹುಡುಕಿ ತಿನ್ನಬೇಕು. ಮೂರನೆಯದಕ್ಕೆ ಕೆಲವು ದಿನ ಸುಲಭ, ಕೆಲವು ದಿನ ಕಷ್ಟ. ಯಾರಿಗೂ ಹೊಟ್ಟೆಗೆ ಕಡಿಮೆ ಮಾಡಿರಲಿಲ್ಲ. ಆದರೂ ಹೆಚ್ಚು ತೊಂದರೆಯಾದದ್ದು ಯಾವಾಗಲೂ ಕಷ್ಟಪಡುವ ಪಂಗಡಕ್ಕಲ್ಲ, ಯಾವಾಗ ಏನು ಎಂದು ಗೊತ್ತಿಲ್ಲದ ಮೂರನೇ ಪಂಗಡಕ್ಕೆ. ತಾಯಂದಿರಿಗೆ ಮರಿಗಳ ಕಡೆ ಗಮನ ಕೊಡಲಾಗಲಿಲ್ಲ, ಮರಿಗಳು ಹೆದರುಪುಕ್ಕಲಾದವು. ಆ ಮರಿಗಳು ಬೆಳೆದ ಮೇಲೂ ಅವುಗಳ ಮಿದುಳು ದ್ರವದಲ್ಲಿ ಆತಂಕಕ್ಕೆ ಸಂಬಂಧಿಸಿದ ರಾಸಾಯನಿಕ ಹೆಚ್ಚೇ ಇತ್ತು ಎಂದು 1996ರಲ್ಲಿ ಇನ್ನೊಂದು ವರದಿ ಬಂತು.

ಹಸಿರೆಲೆ ಮಾರಿ ಬದುಕುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಈ ತಿಂಗಳು ಎಲೆಗೆ ಏನು ಬೆಲೆ, ಮುಂದಿನ ತಿಂಗಳು ಏನು, ಯಾರಿಗೂ ಗೊತ್ತಿಲ್ಲ. 1990ರ ದಶಕದ ಕೊನೆಯಲ್ಲಿ ಬೆಲೆ ಬಿದ್ದಾಗಿನ ಪಾಡು ಇಲ್ಲಿನ ಮನೆಮನೆಗೂ ನೆನಪಿದೆ. ಬೆಲೆ ಬಿದ್ದ ತಿಂಗಳು ಹೆತ್ತ ಹೆಣ್ಣುಮಗಳ ಮುಖ ಯಾರು ನೋಡಿದ್ದಾರೆ?

<b>ನನಗೂ ಆಗಿತ್ತು</b>

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ನನ್ನ ತವರು ನಿಪ್ಪಾಣಿ ಕಡೆ. ಮನೆಯೊಳಗೆ ಮರಾಠಿ, ಬೀದಿಯಲ್ಲಿ ಕನ್ನಡ. ಮದುವೆಯಾಗಿ ಈ ಬೆಟ್ಟಕ್ಕೆ ಬಂದೆ. ಹೆರಿಗೆಯಾದಾಗ ಆಯಿ ಬಂದು ಹದಿನೈದು ದಿನ ಇದ್ದು ಹೋದಳು. ಆಮೇಲೆ ಮಂಜು, ಮಳೆ, ನಾನು, ಮಗು. ಮಗು ಅತ್ತರೆ ಎತ್ತಿಕೊಳ್ಳಬೇಕು ಅನ್ನಿಸುತ್ತಿರಲಿಲ್ಲ. ನಿದ್ದೆ ಇಲ್ಲ, ಊಟ ಸೇರದು. ‘ಇವಳಿಗೆ ಮಗು ಅಂದ್ರೆ ಆಸೇನೇ ಇಲ್ಲ’ ಅಂತ ನೆಂಟರೊಬ್ಬರು ನನ್ನೆದುರೇ ಅಂದರು. ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಆಸ್ಪತ್ರೆಯೊಂದರಲ್ಲಿ ಮಗುವಿನ ತೂಕ ನೋಡಿದರು, ಚುಚ್ಚುಮದ್ದು ಹಾಕಿದರು. ನನ್ನನ್ನು ತಮಿಳಿನಲ್ಲಿ ‘ಚೆನ್ನಾಗಿದ್ದೀಯಾ’ ಅಂತ ಕೇಳಿದರು. ಆಗ ನನಗೆ ಬರುತ್ತಿದ್ದ ತಮಿಳಿನಲ್ಲಿ ಹೌದು ಎಂದು ತಲೆಯಾಡಿಸುವುದು ಬಿಟ್ಟು ಬೇರೇನೂ ಹೇಳಲಾಗುತ್ತಿರಲಿಲ್ಲ.

ನನ್ನನ್ನು ಉಳಿಸಿದ್ದು ಪಕ್ಕದ ಮನೆಯ ಬಡಗ ಅಜ್ಜಿ. ಅವರ ಮಾತು ನನ್ನ ಕನ್ನಡಕ್ಕೆ ಹತ್ತಿರ. ದಿನಾ ಮಧ್ಯಾಹ್ನ ಬಂದು ಮಗುವನ್ನು ಎತ್ತಿಕೊಂಡು ‘ನೀ ಮಲಗು’ ಅಂದುಬಿಡೋರು. ಏನೂ ಕೇಳುತ್ತಿರಲಿಲ್ಲ. ಆಮೇಲೆ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಬಂದವರೂ ಅವರೇ. ಆರು ತಿಂಗಳಿಗೆ ನಾನು ನಾನಾದೆ. ಟೋಪಿ ಕೋತಿಗಳ ವಿಷಯ ಓದಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಓದಿದಾಗ ಮೊದಲು ನೆನಪಾದದ್ದು ಆ ಅಜ್ಜಿ.

<b>ಹುಚ್ಚಲ್ಲ, ಸೊಕ್ಕಲ್ಲ</b>

ಬಾಣಂತಿ ಸನ್ನಿ ಎಂಬ ಮಾತು ನಮ್ಮಲ್ಲಿ ಹಳೆಯದು. ಅದು ತೀವ್ರವಾದ, ಅಪರೂಪದ ಕಾಯಿಲೆ. ಅದಕ್ಕಿಂತ ಎಷ್ಟೋ ಹೆಚ್ಚು ಕಾಣುವುದು ಹೆರಿಗೆ ನಂತರದ ಖಿನ್ನತೆ. ದೇಶದ 38 ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಬಂದ ವರದಿ ಪ್ರಕಾರ ನೂರಕ್ಕೆ ಸುಮಾರು 22 ತಾಯಂದಿರಿಗೆ ಇದು ಬರುತ್ತದೆ. 2002ರಲ್ಲಿ ತಮಿಳುನಾಡಿನ ಹಳ್ಳಿಗಳಲ್ಲಿ ನಡೆದ ಅಧ್ಯಯನ ಕಂಡ ಕಾರಣಗಳನ್ನು ನೋಡಿ: ಕಡಿಮೆ ಆದಾಯ, ಗಂಡು ಬೇಕೆಂದಾಗ ಹೆಣ್ಣು ಹುಟ್ಟಿದ್ದು, ಅತ್ತೆ ಅಥವಾ ತವರಿನವರ ಜೊತೆ ಮನಸ್ತಾಪ, ಕೈಗೊಬ್ಬರು ಇಲ್ಲದಿರುವುದು. ಅದೇ ವರ್ಷ ಗೋವಾದ ಅಧ್ಯಯನವೂ ಬಡತನ, ಗಂಡನ ಹೊಡೆತ, ಹೆಣ್ಣುಮಗು ಎಂಬ ತಾತ್ಸಾರವನ್ನು ಹೇಳಿತು. ಇವುಗಳಲ್ಲಿ ಯಾವುದು ಬಾಣಂತಿಯ ತಪ್ಪು?

ತಾಯ್ತನ ಸ್ವಿಚ್ ಹಾಕಿದ ಕೂಡಲೇ ಹತ್ತುವ ಬಲ್ಬ್ ಅಲ್ಲ. ಜೇ ರೋಸೆನ್‌ಬ್ಲಾಟ್ 1967ರಲ್ಲಿ ತೋರಿಸಿದ ಹಾಗೆ, ಹೆರದ ಹೆಣ್ಣು ಇಲಿ, ಕೊನೆಗೆ ಗಂಡು ಇಲಿ ಕೂಡ ಮರಿಗಳ ಜೊತೆ ಸುಮಾರು ಒಂದು ವಾರ ಇದ್ದರೆ ಅವನ್ನು ನೆಕ್ಕಿ ನೋಡಿಕೊಳ್ಳಲು ಕಲಿಯುತ್ತದೆ. ಗಂಡಂದಿರು ಈ ಇಲಿಯ ಸುದ್ದಿಯನ್ನು ಎರಡು ಸಲ ಓದಬೇಕು.

<b>ಪ್ರಾಣಿಗಳ ಋಣ</b>

ಪ್ರಾಣಿ ಪ್ರಯೋಗ ನಮ್ಮ ಬೆಟ್ಟಕ್ಕೂ ಹೊಸದಲ್ಲ. 1907ರಲ್ಲಿ ಶುರುವಾದ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್ ಇಲ್ಲೇ ಇದೆ. ರಾಬರ್ಟ್ ಮೆಕ್‌ಕ್ಯಾರಿಸನ್ ಕೂನೂರಿನಲ್ಲೇ ಇಲಿಗಳಿಗೆ ಬೇರೆ ಬೇರೆ ಊಟ ಕೊಟ್ಟು ನೋಡಿದರು. ಸತ್ವವಿಲ್ಲದ ಊಟ ತಿಂದ ಇಲಿಗಳು ಸಾಕಿದವರನ್ನೇ ಕಚ್ಚಿದವು, ತಮ್ಮಲ್ಲಿ ದುರ್ಬಲವಾದವನ್ನು ಕೊಂದು ತಿಂದವು ಎಂದು ಅವರು ಬರೆದರು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು.

ಈ ತಿಳಿವಳಿಕೆ ಪುಕ್ಕಟೆ ಬಂದದ್ದಲ್ಲ. ಅಮೆರಿಕದ ಹ್ಯಾರಿ ಹಾರ್ಲೊ 1950ರ ದಶಕದಲ್ಲಿ ಮರಿಕೋತಿಗಳನ್ನು ತಾಯಿಯಿಂದ ಕಿತ್ತು ತಂತಿಯ ತಾಯಿ, ಬಟ್ಟೆಯ ತಾಯಿ ಮಾಡಿಕೊಟ್ಟರು. ಮರಿಗಳು ಹಾಲಿದ್ದ ತಂತಿಯನ್ನು ಬಿಟ್ಟು ಬಟ್ಟೆಯನ್ನೇ ತಬ್ಬಿಕೊಂಡವು. ತಾಯಿಯಿಲ್ಲದೆ ಬೆಳೆದ ಹೆಣ್ಣುಗಳಲ್ಲಿ ಕೆಲವು ತಾವು ಹೆತ್ತಾಗ ಮರಿಗಳನ್ನು ಹೊಡೆದವು, ದೂಡಿದವು. 2022ರಲ್ಲಿ ಹಾರ್ವರ್ಡ್‌ನಲ್ಲಿ ಮರಿ ಕಳೆದುಕೊಂಡ ಕೋತಿಗೆ ಗೊಂಬೆ ಕೊಟ್ಟು ನೋಡಿದ ವರದಿ ಬಂದಾಗ ನೂರಾರು ವಿಜ್ಞಾನಿಗಳೇ ಆಕ್ಷೇಪಿಸಿದರು. ನನ್ನ ಅಭಿಪ್ರಾಯವೂ ಅದೇ. ತಾಯಿಯಿಂದ ಮರಿ ಕಿತ್ತರೆ ಏನಾಗುತ್ತದೆ ಎಂದು ತಿಳಿಯಲು ಮತ್ತೆ ಮತ್ತೆ ಕೀಳಬೇಕಿಲ್ಲ. ಉತ್ತರ ಎಂದೋ ಬಂದಿದೆ.

ಇಲಿಗಳ ಮಿದುಳಿನ ಸಂಶೋಧನೆಯಿಂದ ಮದ್ದಿನ ದಾರಿಯೂ ತೆರೆದಿದೆ ನಿಜ. ಹೆರಿಗೆ ನಂತರದ ಖಿನ್ನತೆಗೆಂದೇ ಅಮೆರಿಕದಲ್ಲಿ 2019ರಲ್ಲಿ ಡ್ರಿಪ್ ಮೂಲಕ ಕೊಡುವ ಔಷಧಿಗೆ, 2023ರಲ್ಲಿ ಮಾತ್ರೆಗೆ ಅನುಮತಿ ಸಿಕ್ಕಿತು. ಆದರೆ ಗೊತ್ತಿರುವುದನ್ನು ಮಾಡಲು ಅಮೆರಿಕದ ಮಾತ್ರೆಗೆ ಕಾಯಬೇಕಾಗಿಲ್ಲ.

<b>ಆಗಬೇಕಾದ್ದು</b>

ಒಂದು, ಆರು ವಾರದ ಚುಚ್ಚುಮದ್ದಿಗೆ ಮಗು ತರುವ ತಾಯಿಯನ್ನೂ ಗ್ರಾಮ ನರ್ಸ್ ವಿಚಾರಿಸಬೇಕು. 1987ರಲ್ಲಿ ಬಂದ ಎಡಿನ್‌ಬರೊ ಪಟ್ಟಿಯಲ್ಲಿ ಇರುವುದು ಹತ್ತೇ ಪ್ರಶ್ನೆ. ತಮಿಳಿನಲ್ಲೂ ಕನ್ನಡದಲ್ಲೂ ಇದೆ. ಕೂನೂರು, ಗೂಡಲೂರು, ಮಸಿನಗುಡಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡದ ಹಾಳೆಯೂ ಇರಲಿ. ನೋವನ್ನು ಹೇಳಿಕೊಳ್ಳುವುದು ತಾಯಿನುಡಿಯಲ್ಲಿ ಮಾತ್ರ ಸಾಧ್ಯ.

ಎರಡು, ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ಸಹಾಯ ಯೋಜನೆಯ ಕಂತು ಹೇಳಿದ ದಿನಕ್ಕೆ ಬರಬೇಕು. ಯಾವಾಗ ಬರುತ್ತೋ ಎಂಬ ಹಣದಿಂದ ಏನಾಗುತ್ತದೆ ಎಂದು ಮೂರನೇ ಪಂಗಡದ ಕೋತಿಗಳೇ ಹೇಳಿವೆ.

ಮೂರು, ಮನೆಯವರು. ಬಾಣಂತಿಗೆ ದಿನಕ್ಕೆ ಎರಡು ಗಂಟೆ ನಿದ್ದೆ ಬಿಡಿ. ಎರಡು ವಾರ ಕಳೆದರೂ ಅಳು, ಬೇಸರ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು, ಮಗುವಿಗೆ ಏನಾದರೂ ಮಾಡಿಬಿಡುವೆ ಎಂಬ ಮಾತು, ಇಲ್ಲದ್ದು ಕೇಳಿಸುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬಳನ್ನೇ ಬಿಡಬೇಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲೇ ಶುರುವಾಗಿದೆ.

ಹೆತ್ತೆಯನ್ನು ಪೂಜಿಸುವ ಬೆಟ್ಟ ಇದು. ಹೆತ್ತವಳನ್ನು ಒಂಟಿ ಬಿಡುವ ಬೆಟ್ಟ ಆಗಬಾರದು. ಜಿಲ್ಲಾ ಆರೋಗ್ಯ ಇಲಾಖೆಯವರು ಕನಿಷ್ಠ ಆ ಹತ್ತು ಪ್ರಶ್ನೆಗಳ ಹಾಳೆಯನ್ನಾದರೂ ಈ ವರ್ಷ ಎಲ್ಲಾ ಚುಚ್ಚುಮದ್ದು ಕೇಂದ್ರಗಳಿಗೆ ತಲುಪಿಸಲಿ. ಅಲ್ಲಿಯವರೆಗೆ ಪಕ್ಕದ ಮನೆಯಲ್ಲಿ ಬಾಣಂತಿ ಇದ್ದರೆ ಇವತ್ತು ಮಧ್ಯಾಹ್ನ ಒಮ್ಮೆ ಹೋಗಿ ಬನ್ನಿ. ಮಗು ನೋಡೋಕೆ ಅಲ್ಲ, ತಾಯಿಯನ್ನು ನೋಡೋಕೆ.